ಕ್ರೈಸ್ತರ ಬದುಕಿನ ಸಂತೋಷ ಎಲ್ಲಿಂದ ಬರುತ್ತದೆ?

ಹತ್ತಿರದವರೊಬ್ಬರು ಇದ್ದಕ್ಕಿದ್ದಂತೆ ಭಾನುವಾರ ತಪ್ಪದೆ ಚರ್ಚಿಗೆ ಹೋಗಲು ಶುರು ಮಾಡುತ್ತಾರೆ. ಮಗನೋ ಮಗಳೋ ಕ್ರೈಸ್ತ ಕುಟುಂಬದವರನ್ನು ಮದುವೆಯಾಗಲು ಹೊರಡುತ್ತಾರೆ. ಜೊತೆಯಲ್ಲಿ ಕೆಲಸ ಮಾಡುವವರು ದೊಡ್ಡ ಕಾಯಿಲೆಯ ನಡುವೆಯೂ ‘ದೇವರಿಗೆ ಸ್ತೋತ್ರ’ ಅನ್ನುತ್ತಾರೆ, ಅದೂ ಮನಸಾರೆ. ಅಲ್ಲಿಯವರೆಗೆ ದೂರದ್ದಾಗಿದ್ದ ವಿಷಯ ಆಗ ನಮ್ಮ ಮನೆಯೊಳಗೇ ಬಂದುಬಿಡುತ್ತದೆ. ಇವರು ನಂಬುವುದು ಏನನ್ನು? ಅದರಿಂದ ಇವರಿಗೆ ಸಿಗುವ ಸಂತೋಷ ಎಂಥದು?

ಹೊರಗಿನಿಂದ ನೋಡುವವರ ಕಣ್ಣಿಗೆ ಮೊದಲು ಬೀಳುವುದು ನಿಯಮಗಳು. ಸುಳ್ಳು ಹೇಳಬಾರದು, ಭಾನುವಾರ ಆರಾಧನೆಗೆ ಹೋಗಬೇಕು, ಪ್ರಾರ್ಥನೆ ಮಾಡಬೇಕು, ಕಾಣಿಕೆ ಕೊಡಬೇಕು, ವೈರಿಯನ್ನೂ ಪ್ರೀತಿಸಬೇಕು. ಇಷ್ಟೆಲ್ಲ ಪಾಲಿಸಿದರೆ ದೇವರು ಮೆಚ್ಚುತ್ತಾನೆ, ಮೆಚ್ಚಿದರೆ ಸುಖ ಕೊಡುತ್ತಾನೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಕ್ರೈಸ್ತ ನಂಬಿಕೆಯಲ್ಲಿ ಈ ಕ್ರಮ ತಿರುಗುಮುರುಗು. ದೇವರು ಒಪ್ಪಿಕೊಳ್ಳುವುದು ಮೊದಲು, ಬದುಕು ಬದಲಾಗುವುದು ಆಮೇಲೆ. ಈ ಒಂದು ವಿಷಯ ಹಿಡಿದುಕೊಂಡರೆ ಉಳಿದದ್ದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಅದಕ್ಕೇ ಇಲ್ಲಿ ಅದನ್ನು ಸ್ವಲ್ಪ ಜಾಸ್ತಿಯೇ ವಿವರಿಸುತ್ತೇನೆ.

ಬೇಕಾದಷ್ಟು ಹಿನ್ನೆಲೆ

ಯೇಸು ಸುಮಾರು 2,000 ವರ್ಷಗಳ ಹಿಂದೆ ಗಲಿಲಾಯ ಪ್ರಾಂತ್ಯದ ನಜರೇತಿನಲ್ಲಿ ಬೆಳೆದ ಯೆಹೂದಿ. ಆಗ ಆ ನಾಡು ರೋಮನ್ನರ ಆಳ್ವಿಕೆಯಲ್ಲಿತ್ತು. ಕ್ರಿ.ಶ. 26ರಿಂದ 36ರವರೆಗೆ ಯೂದಾಯದ ರಾಜ್ಯಪಾಲನಾಗಿದ್ದ ಪೊಂತ್ಯ ಪಿಲಾತನ ಅಪ್ಪಣೆಯಂತೆ ಯೆರೂಸಲೇಮಿನಲ್ಲಿ ಅವರನ್ನು ಶಿಲುಬೆಗೆ ಹಾಕಿದರು. ಇಷ್ಟನ್ನು ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ.

ಕ್ರೈಸ್ತರು ಇದಕ್ಕಿಂತ ಮುಂದಿನದನ್ನು ನಂಬುತ್ತಾರೆ. ಯೇಸು ದೇವರ ಮಗ. ಅವರಲ್ಲಿ ದೇವರೇ ಮನುಷ್ಯನಾಗಿ ಬಂದದ್ದು. ಅವರು ಸತ್ತದ್ದು ಮನುಷ್ಯರ ಪಾಪಕ್ಕಾಗಿ. ಮೂರನೆಯ ದಿನ ಅವರು ಜೀವಂತವಾಗಿ ಎದ್ದರು, ಇಂದಿಗೂ ಜೀವಿಸುತ್ತಿದ್ದಾರೆ. ಈ ಸುದ್ದಿಗೆ ‘ಸುವಾರ್ತೆ’ ಎಂದು ಹೆಸರು. ಯೇಸುವಿನ ಬದುಕನ್ನು ಹೇಳುವ ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ಕು ಪುಸ್ತಕಗಳನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ.

‘ಪಾಪ’ ಎಂದಾಗ ಕಳ್ಳತನ, ಮೋಸದಂಥ ಒಂದೊಂದೇ ಕೆಟ್ಟ ಕೆಲಸ ನೆನಪಾಗುತ್ತದೆ. ಕ್ರೈಸ್ತರು ಅದರ ಬೇರನ್ನೂ ಸೇರಿಸಿ ಹೇಳುತ್ತಾರೆ. ದೇವರಿಗೆ ಬೆನ್ನು ಹಾಕಿ, ನನಗೆ ನಾನೇ ಎಲ್ಲ ಎಂದು ಬದುಕುವ ಸ್ವಭಾವವೇ ಆ ಬೇರು. ಒಳ್ಳೆಯ ಹೆಸರು ಇರುವವರಲ್ಲೂ ಅದು ಇರುತ್ತದೆ. ಹೀಗಾಗಿ ‘ನಾನು ಪಾಪಿ’ ಎಂದು ಒಬ್ಬ ಕ್ರೈಸ್ತರು ಹೇಳಿದರೆ ಗುಟ್ಟಾಗಿ ಏನೋ ಅಪರಾಧ ಮಾಡಿದ್ದಾರೆ ಎಂದು ತಿಳಿಯಬೇಕಿಲ್ಲ. ದೇವರಿಂದ ದೂರವಾಗಿದ್ದೆ, ನನ್ನಷ್ಟಕ್ಕೆ ನಾನೇ ಹತ್ತಿರ ಬರಲಾರೆ ಎಂಬ ಒಪ್ಪಿಗೆ ಅದು.

ಕ್ರೈಸ್ತರಲ್ಲಿ ಕ್ಯಾಥೊಲಿಕ್, ಆರ್ಥೊಡಾಕ್ಸ್, ಪ್ರೊಟೆಸ್ಟೆಂಟ್ ಎಂದು ಮೂರು ದೊಡ್ಡ ಕವಲುಗಳಿವೆ. ಪೂರ್ವದ (ಆರ್ಥೊಡಾಕ್ಸ್) ಮತ್ತು ಪಶ್ಚಿಮದ (ಕ್ಯಾಥೊಲಿಕ್) ಸಭೆಗಳ, ಅಂದರೆ ಕ್ರೈಸ್ತ ಸಮುದಾಯಗಳ, ಬಿರುಕಿಗೆ 1054ನೇ ಇಸವಿಯನ್ನೂ, ಪ್ರೊಟೆಸ್ಟೆಂಟ್ ಸುಧಾರಣೆಯ ಆರಂಭಕ್ಕೆ 1517ನ್ನೂ ಗುರುತಾಗಿ ಹೇಳುವುದು ವಾಡಿಕೆ. ಆರಾಧನೆಯ ರೀತಿ, ಗುರುಗಳ ಅಧಿಕಾರ, ಸಂಸ್ಕಾರಗಳ ವಿಷಯದಲ್ಲಿ ಇವರ ನಡುವೆ ನಿಜವಾದ ವ್ಯತ್ಯಾಸಗಳಿವೆ. ಆದರೂ ಮೇಲೆ ಹೇಳಿದ ಸುವಾರ್ತೆ ಮೂವರಿಗೂ ಒಂದೇ.

ಕೃಪೆ ಅಂದರೆ ಏನು?

ಅರ್ಹತೆ ಇಲ್ಲದವರಿಗೆ ದೇವರು ತಾನಾಗಿ ತೋರಿಸುವ ದಯೆಗೆ ಕೃಪೆ ಎನ್ನುತ್ತಾರೆ. ಇದನ್ನು ವಿವರಿಸಲು ಯೇಸು ಹೇಳಿದ ಒಂದು ಕಥೆಯೇ ಸಾಕು. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿದೆ.

ಒಬ್ಬ ತಂದೆಗೆ ಇಬ್ಬರು ಗಂಡುಮಕ್ಕಳು. ತಂದೆ ಬದುಕಿರುವಾಗಲೇ ಚಿಕ್ಕವನು ತನ್ನ ಪಾಲಿನ ಆಸ್ತಿ ಕೇಳಿ ತೆಗೆದುಕೊಳ್ಳುತ್ತಾನೆ. ದೂರದೇಶಕ್ಕೆ ಹೋಗಿ ಎಲ್ಲವನ್ನೂ ದುಂದು ಮಾಡುತ್ತಾನೆ. ಅಲ್ಲಿ ಬರ ಬರುತ್ತದೆ. ಹೊಟ್ಟೆಪಾಡಿಗೆ ಹಂದಿ ಮೇಯಿಸುವ ಕೆಲಸ. ಹಸಿವು ಎಷ್ಟೆಂದರೆ ಹಂದಿಗೆ ಹಾಕುವ ಕಾಯಿಗಳಾದರೂ ಸಿಕ್ಕರೆ ಸಾಕು ಅನ್ನಿಸುತ್ತದೆ. ಆಗ ಅವನಿಗೆ ಮನೆಯ ನೆನಪಾಗುತ್ತದೆ. ತಂದೆಗೆ ಹೇಳಬೇಕಾದ ಮಾತನ್ನು ಮೊದಲೇ ಜೋಡಿಸಿಕೊಳ್ಳುತ್ತಾನೆ: ನಾನು ಪಾಪ ಮಾಡಿದ್ದೇನೆ, ನಿನ್ನ ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ನನ್ನನ್ನು ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ.

ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಾಣುತ್ತಾನೆ. ಓಡಿಹೋಗಿ ತಬ್ಬಿಕೊಂಡು ಮುದ್ದಿಡುತ್ತಾನೆ. ಮಗ ತನ್ನ ಮಾತು ಶುರು ಮಾಡುತ್ತಾನೆ. ಪಾಪ ಮಾಡಿದ್ದೇನೆ, ಯೋಗ್ಯನಲ್ಲ ಎನ್ನುವವರೆಗೆ ಬರುತ್ತಾನೆ. ‘ಕೂಲಿಯಾಳಂತೆ ಇಟ್ಟುಕೋ’ ಎಂಬ ಭಾಗ ಬಾಯಿಗೆ ಬರುವುದೇ ಇಲ್ಲ. ಅಷ್ಟರಲ್ಲಿ ತಂದೆ ಒಳ್ಳೆಯ ಬಟ್ಟೆ, ಉಂಗುರ, ಚಪ್ಪಲಿ ತರಿಸುತ್ತಿದ್ದಾನೆ, ಹಬ್ಬದ ಊಟಕ್ಕೆ ಹೇಳುತ್ತಿದ್ದಾನೆ. ಮಗನಿಗೆ ಪರೀಕ್ಷೆಯ ಕಾಲ ಇಡಲಿಲ್ಲ. ದುಂದು ಮಾಡಿದ ಹಣದ ಲೆಕ್ಕ ಕೇಳಲಿಲ್ಲ. ಕ್ರೈಸ್ತರ ಸಂತೋಷ ಹುಟ್ಟುವುದು ಇಲ್ಲಿ.

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಹೊಲದಿಂದ ಬಂದ ದೊಡ್ಡ ಮಗನಿಗೆ ಸಿಟ್ಟು ಬರುತ್ತದೆ. ಇಷ್ಟು ವರ್ಷ ನಿನ್ನ ಚಾಕರಿ ಮಾಡಿದೆ, ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಎನ್ನುತ್ತಾನೆ. ತಂದೆ ಅವನನ್ನು ಹುಡುಕಿಕೊಂಡೂ ಹೊರಗೆ ಬರುತ್ತಾನೆ. ನನ್ನದೆಲ್ಲ ನಿನ್ನದೇ ಅಲ್ಲವೇ ಎಂದು ಕೇಳುತ್ತಾನೆ. ದೊಡ್ಡವನು ಒಳಗೆ ಬಂದನೋ ಇಲ್ಲವೋ ಎಂಬುದನ್ನು ಯೇಸು ಹೇಳುವುದೇ ಇಲ್ಲ. ನನಗೆ ಈ ಕಥೆಯಲ್ಲಿ ಅತಿ ಮುಖ್ಯ ಅನ್ನಿಸುವುದು ಈ ಭಾಗ. ಚಿಕ್ಕವನು ತಪ್ಪು ಮಾಡಿ ದೂರ ಹೋಗಿದ್ದ. ದೊಡ್ಡವನು ಎಲ್ಲವನ್ನೂ ಸರಿಯಾಗಿ ಮಾಡುತ್ತಲೇ ದೂರ ಇದ್ದ. ತಂದೆಯ ಮನೆಯಲ್ಲಿ ಅವನು ಮಗನಾಗಿ ಬದುಕಿರಲೇ ಇಲ್ಲ, ಆಳಾಗಿ ದುಡಿದಿದ್ದ. ನಿಯಮಗಳ ಪಟ್ಟಿಯಿಂದಲೇ ದೇವರನ್ನು ಮೆಚ್ಚಿಸಲು ಹೊರಟವರ ಬದುಕಿನಲ್ಲಿ ಸಂತೋಷ ಯಾಕೆ ಒಣಗುತ್ತದೆ ಎಂಬುದಕ್ಕೆ ಇಲ್ಲಿ ಉತ್ತರ ಇದೆ.

ಕೃಪೆ ಇಷ್ಟು ಸುಲಭವಾದರೆ ಒಳ್ಳೆಯದಾಗಿ ಬದುಕುವ ಅಗತ್ಯವೇನು ಎಂಬ ಪ್ರಶ್ನೆ ಹಳೆಯದು. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅಪೊಸ್ತಲನಾದ, ಅಂದರೆ ಸುವಾರ್ತೆ ಸಾರಲು ಯೇಸು ಕಳಿಸಿದವರಲ್ಲಿ ಒಬ್ಬನಾದ ಪೌಲನೇ ಇದನ್ನು ಎತ್ತಿಕೊಂಡು ಉತ್ತರಿಸುತ್ತಾನೆ. ಅದೇ ಪತ್ರದಲ್ಲಿ ಅವನು ದತ್ತುಮಕ್ಕಳ ಮಾತನ್ನೂ ಆಡುತ್ತಾನೆ. ಆ ಮಾತನ್ನೇ ಸ್ವಲ್ಪ ಬೆಳೆಸಿ ನೋಡೋಣ. ಒಂದು ಮಗುವನ್ನು ದತ್ತು ತೆಗೆದುಕೊಂಡು ಮನೆಗೆ ಕರೆತಂದಿದ್ದಾರೆ. ಮೊದಮೊದಲು ಆ ಮಗು ಹೇಳುವ ಮೊದಲೇ ತಟ್ಟೆ ತೊಳೆಯುತ್ತದೆ, ನೆಲ ಒರೆಸುತ್ತದೆ. ತೊಳೆಯದಿದ್ದರೆ ವಾಪಸ್ ಕಳಿಸಿಬಿಡುತ್ತಾರೆ ಎಂಬ ಭಯ. ಕ್ರಮೇಣ ಇದು ನನ್ನದೇ ಮನೆ ಎಂಬ ನಂಬಿಕೆ ಬೇರೂರುತ್ತದೆ. ಆಮೇಲೂ ಅದು ತಟ್ಟೆ ತೊಳೆಯುತ್ತದೆ. ಕೆಲಸ ಅದೇ, ಆದರೆ ಎದೆಯಲ್ಲಿ ಭಯವಿಲ್ಲ. ಕ್ರೈಸ್ತರು ಒಳ್ಳೆಯ ಕೆಲಸಗಳನ್ನು ನೋಡುವುದು ಹೀಗೆ. ಅವು ಮನೆಯೊಳಗೆ ಬರಲು ಕೊಡುವ ಬೆಲೆ ಅಲ್ಲ, ಮನೆಯವರಾದ ಮೇಲೆ ಬರುವ ನಡತೆ.

ಈ ವಿಷಯದಲ್ಲಿ ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಶತಮಾನಗಳ ಕಾಲ ಜಗಳವಾಡಿದ್ದಾರೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕ್ ಸಭೆ ಮತ್ತು ಪ್ರೊಟೆಸ್ಟೆಂಟರ ಒಂದು ಗುಂಪಾದ ಲೂಥೆರನ್ನರ ವಿಶ್ವ ಒಕ್ಕೂಟ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಅರ್ಹತೆಯಿಂದಲೂ ಅಲ್ಲದೆ, ಕೇವಲ ಕೃಪೆಯಿಂದ, ಕ್ರಿಸ್ತನ ಮೇಲಿನ ನಂಬಿಕೆಯ ಮೂಲಕ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಎಂಬುದು ಅದರ ತಿರುಳು. ಎಲ್ಲ ಭಿನ್ನಾಭಿಪ್ರಾಯ ಅಂದೇ ಮುಗಿಯಲಿಲ್ಲ, ನಿಜ. ಆದರೆ ಸುಮಾರು ಐದು ಶತಮಾನ ದೂರ ಇದ್ದವರು ಇದೊಂದು ಮಾತಿನ ಹತ್ತಿರ ಬಂದು ಸೇರಿದರು.

ಸೆರೆಮನೆಯಿಂದ ಬಂದ ಪತ್ರ

ಬೈಬಲಿನಲ್ಲಿ ಸಂತೋಷದ ಮಾತು ದಟ್ಟವಾಗಿರುವ ಪುಸ್ತಕಗಳಲ್ಲಿ ಒಂದು ಪೌಲ ಫಿಲಿಪ್ಪಿ ಎಂಬ ಊರಿನ ಕ್ರೈಸ್ತರಿಗೆ ಬರೆದ ಪತ್ರ. ನಾಲ್ಕೇ ಅಧ್ಯಾಯ. ‘ಕರ್ತನಲ್ಲಿ (ಅಂದರೆ ಒಡೆಯನಾದ ಯೇಸುವಿನಲ್ಲಿ) ಯಾವಾಗಲೂ ಸಂತೋಷಿಸಿರಿ’ ಎಂಬ ಮಾತು ಅದರಲ್ಲೇ ಇರುವುದು. ಬರೆಯುವಾಗ ಪೌಲ ಸೆರೆಯಲ್ಲಿದ್ದ. ಮುಂದೆ ಬಿಡುಗಡೆಯೋ ಮರಣವೋ ಅವನಿಗೇ ಗೊತ್ತಿರಲಿಲ್ಲ. ಪತ್ರದಲ್ಲೇ ಆ ಮಾತು ಬರುತ್ತದೆ.

ಫಿಲಿಪ್ಪಿಯವರಿಗೆ ಇದು ಬರೀ ಉಪದೇಶವಾಗಿ ಕೇಳಿಸಿರಲಾರದು. ವರ್ಷಗಳ ಹಿಂದೆ ಅದೇ ಊರಿನಲ್ಲಿ ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ಹೊಡೆದು ಸೆರೆಗೆ ಹಾಕಿದ್ದರು. ಕಾಲಿಗೆ ಕೋಳ ಬಿದ್ದಿತ್ತು. ಮಧ್ಯರಾತ್ರಿ ಅವರು ದೇವರಿಗೆ ಹಾಡುತ್ತಿದ್ದರು, ಉಳಿದ ಕೈದಿಗಳು ಕೇಳಿಸಿಕೊಳ್ಳುತ್ತಿದ್ದರು ಎಂದು ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ ಹೇಳುತ್ತದೆ. ಆ ರಾತ್ರಿಯೇ ಸೆರೆಮನೆಯ ಅಧಿಕಾರಿಯೂ ಅವನ ಮನೆಯವರೂ ಯೇಸುವನ್ನು ನಂಬಿ ದೀಕ್ಷಾಸ್ನಾನ (ಕ್ರೈಸ್ತರಾಗುವಾಗ ನೀರಿನಿಂದ ಮಾಡುವ ಸಂಸ್ಕಾರ) ಪಡೆದರು. ಪೌಲನ ಸಂತೋಷ ಎಂಥದು ಎಂಬುದು ಆ ಊರಿಗೆ ಗೊತ್ತಿತ್ತು.

ಇಲ್ಲಿ ಎರಡು ಬಗೆಯ ಸಂತೋಷಗಳನ್ನು ಬೇರೆ ಮಾಡಿ ನೋಡಬೇಕು. ಸಂಬಳ ಏರಿದಾಗ, ಮಗು ಹುಟ್ಟಿದಾಗ, ಕಾಯಿಲೆ ವಾಸಿಯಾದಾಗ ಆಗುವ ಸಂತೋಷ ಒಂದು. ಅದೂ ದೇವರ ಕೊಡುಗೆಯೇ, ಅದನ್ನು ಕೀಳಾಗಿ ಕಾಣಬೇಕಿಲ್ಲ. ಆದರೆ ಕಾರಣ ಹೋದರೆ ಅದೂ ಹೋಗುತ್ತದೆ. ಪೌಲ ಹೇಳುವುದು ‘ಕರ್ತನಲ್ಲಿ’ ಸಂತೋಷ. ಅದರ ಕಾರಣ ಪರಿಸ್ಥಿತಿಯಲ್ಲಿ ಇಲ್ಲ. ದೇವರು ನನ್ನನ್ನು ಒಪ್ಪಿಕೊಂಡಿದ್ದಾನೆ ಎಂಬ ಸಂಗತಿಯಲ್ಲಿದೆ. ಸೆರೆಮನೆ ಆ ಸಂಗತಿಯನ್ನು ಬದಲಿಸಲಾರದು. ನನ್ನ ಇಂದಿನ ಸೋಲೂ ಬದಲಿಸಲಾರದು, ಯಾಕೆಂದರೆ ಒಪ್ಪಿಕೊಂಡಾಗ ನನ್ನ ಗೆಲುವನ್ನು ನೋಡಿ ಒಪ್ಪಿಕೊಂಡಿದ್ದಲ್ಲ.

ಇದು ಒಂದೇ ದಿನದಲ್ಲಿ ಬರುತ್ತದೆ ಎಂದು ಪೌಲ ಎಲ್ಲೂ ಹೇಳುವುದಿಲ್ಲ. ಇರುವುದರಲ್ಲಿ ತೃಪ್ತನಾಗಿರುವುದನ್ನು ‘ಕಲಿತುಕೊಂಡಿದ್ದೇನೆ’ ಎನ್ನುತ್ತಾನೆ. ಕೊರತೆಯಲ್ಲೂ ಸಮೃದ್ಧಿಯಲ್ಲೂ ಇರುವುದನ್ನು ಕಲಿಯಬೇಕಾಯಿತು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪವಿತ್ರಾತ್ಮನ ಫಲ ಎಂದು ಒಂಬತ್ತು ಗುಣಗಳನ್ನು ಹೇಳುತ್ತಾನೆ: ಪ್ರೀತಿ, ಸಂತೋಷ, ಸಮಾಧಾನ, ತಾಳ್ಮೆ, ದಯೆ, ಒಳ್ಳೆಯತನ, ನಂಬಿಗಸ್ತಿಕೆ, ಸೌಮ್ಯತೆ, ಆತ್ಮಸಂಯಮ. ಪವಿತ್ರಾತ್ಮ ಅಂದರೆ ನಂಬುವವರ ಒಳಗೆ ವಾಸಿಸುವ ದೇವರೇ ಎಂಬುದು ಕ್ರೈಸ್ತರ ನಂಬಿಕೆ. ಈ ಗುಣಗಳನ್ನು ಅವರು ಸ್ವಂತ ಸಾಧನೆ ಎಂದು ಎಣಿಸುವುದಿಲ್ಲ. ದೇವರು ಒಳಗಿನಿಂದ ಬೆಳೆಸುತ್ತಾನೆ, ನಾವು ಅದಕ್ಕೆ ಅಡ್ಡ ಬರದೆ ಸಹಕರಿಸಬೇಕು ಎನ್ನುತ್ತಾರೆ.

ಹಾಗಾದರೆ ಅಳಬಾರದಾ?

ಕ್ರೈಸ್ತರೆಂದರೆ ಸದಾ ನಗುತ್ತಿರಬೇಕು ಎಂಬ ತಪ್ಪು ಕಲ್ಪನೆ ಸಭೆಯ ಒಳಗೂ ಇದೆ, ಹೊರಗೂ ಇದೆ. ಅದರಿಂದ ಎಷ್ಟೋ ಜನ ಸುಮ್ನೆ ನೋಯುತ್ತಾರೆ. ದುಃಖದಲ್ಲಿರುವವರಿಗೆ ‘ನಿಮ್ಮ ನಂಬಿಕೆ ಕಡಿಮೆಯಾಗಿದೆ’ ಎಂದು ಹೇಳುವುದು ಗಾಯದ ಮೇಲೆ ಗಾಯ ಮಾಡಿದಂತೆ. ಬೈಬಲ್ ಹಾಗೆ ಮಾತಾಡುವುದಿಲ್ಲ.

ಬೈಬಲಿನ ಹಾಡುಗಳ ಪುಸ್ತಕವಾದ ಕೀರ್ತನೆಗಳನ್ನೇ ತೆಗೆದುಕೊಳ್ಳಿ. ಒಟ್ಟು 150 ಹಾಡುಗಳು. ಅವುಗಳಲ್ಲಿ ದೊಡ್ಡ ಪಾಲು ಪ್ರಲಾಪ, ಅಂದರೆ ದೇವರ ಮುಂದೆ ಗೋಳು ತೋಡಿಕೊಳ್ಳುವುದು. ಎಷ್ಟು ಕಾಲ, ಕರ್ತನೇ, ಯಾಕೆ ಮುಖ ಮರೆಮಾಡುತ್ತೀ ಎಂದು ನೇರವಾಗಿ ಕೇಳುತ್ತವೆ. ಹೆಚ್ಚಿನವು ಕೊನೆಯಲ್ಲಿ ಭರವಸೆಯ ಕಡೆ ತಿರುಗುತ್ತವೆ. 88ನೇ ಕೀರ್ತನೆ ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥ ಹಾಡನ್ನೂ ಪವಿತ್ರ ಗ್ರಂಥದಲ್ಲಿ ಉಳಿಸಿಕೊಂಡಿದ್ದಾರೆ. ದೇವರ ಮುಂದೆ ಇಷ್ಟೂ ಹೇಳಬಹುದು ಎಂಬ ಅನುಮತಿ ಅದರಲ್ಲಿದೆ.

ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಕಣ್ಣೀರಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಅವನನ್ನು ಎಬ್ಬಿಸಲಿದ್ದವರು ಅವರೇ. ಆದರೂ ಅತ್ತರು. ಶಿಲುಬೆಯ ಮೇಲೆ ಅವರು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲನ್ನು: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ? ಪೌಲ ತನ್ನನ್ನು ಕಾಡುತ್ತಿದ್ದ ಒಂದು ಬಾಧೆಯನ್ನು ತೆಗೆದುಹಾಕು ಎಂದು ಮೂರು ಸಲ ಬೇಡಿಕೊಂಡ. ದೇವರು ತೆಗೆಯಲಿಲ್ಲ, ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂತು. ನಂಬಿದರೆ ಹಣ, ಆರೋಗ್ಯ ಖಂಡಿತ ಎಂದು ಮಾತು ಕೊಡುವ ಬೋಧನೆ ಕೇಳಿಬಂದಾಗ ಈ ಘಟನೆಯನ್ನು ನೆನಪಿಡುವುದು ಒಳ್ಳೆಯದು.

ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ನಂತರ ಅವರ ಖಾಸಗಿ ಪತ್ರಗಳು ಪ್ರಕಟವಾದಾಗ ಓದುಗರಿಗೆ ಆಶ್ಚರ್ಯವಾಯಿತು. ದಶಕಗಳ ಕಾಲ ಅವರಿಗೆ ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯದ ಅನುಭವವೇ ಆಗುತ್ತಿರಲಿಲ್ಲ. ಆದರೂ ಅವರು ಪ್ರಾರ್ಥನೆ ಬಿಡಲಿಲ್ಲ, ಕೆಲಸ ಬಿಡಲಿಲ್ಲ. ಅನುಭವ ಬರುವುದು, ಹೋಗುವುದು ನಮ್ಮ ಕೈಯಲ್ಲಿಲ್ಲ. ನಂಬಿಕೆ ಅನುಭವವಿಲ್ಲದೆಯೂ ನಡೆಯಬಲ್ಲದು.

ಸಾವಿನ ವಿಷಯದಲ್ಲೂ ಹೀಗೆಯೇ. ತೀರಿಕೊಂಡವರಿಗಾಗಿ ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದು ಪೌಲ ಥೆಸಲೊನೀಕದವರಿಗೆ ಬರೆಯುತ್ತಾನೆ. ದುಃಖಿಸಲೇಬೇಡಿ ಎಂದು ಬರೆಯುವುದಿಲ್ಲ. ಯೇಸು ಎದ್ದಂತೆ ಅವರನ್ನು ನಂಬಿ ಸತ್ತವರೂ ಒಂದು ದಿನ ಏಳುತ್ತಾರೆ ಎಂಬುದು ಆ ನಿರೀಕ್ಷೆ. ಅದಕ್ಕೆ ಪುನರುತ್ಥಾನ ಎನ್ನುತ್ತಾರೆ. ಆತ್ಮ ಮಾತ್ರ ಎಲ್ಲೋ ತೇಲುತ್ತಿರುತ್ತದೆ ಎಂಬ ಅರ್ಥ ಅದಕ್ಕಿಲ್ಲ. ದೇಹವೂ ಹೊಸದಾಗುತ್ತದೆ, ಈ ಲೋಕವೂ ಹೊಸದಾಗುತ್ತದೆ. ಹೀಗಾಗಿ ಕ್ರೈಸ್ತರ ಅಂತ್ಯಸಂಸ್ಕಾರದಲ್ಲಿ ಕಣ್ಣೀರೂ ಇರುತ್ತದೆ, ಹಾಡೂ ಇರುತ್ತದೆ.

ಸಾಮಾನ್ಯ ದಿನಕ್ಕೆ ಅರ್ಥ ಎಲ್ಲಿಂದ?

1640ರ ದಶಕದಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸೇರಿದ ಬೋಧಕರು ನಂಬಿಕೆಯನ್ನು ಕಲಿಸಲು ಒಂದು ಪ್ರಶ್ನೋತ್ತರ ಸಿದ್ಧಪಡಿಸಿದರು. ಅದರ ಮೊದಲ ಪ್ರಶ್ನೆಯೇ ಮನುಷ್ಯನ ಬದುಕಿನ ಮುಖ್ಯ ಗುರಿ ಏನು ಎಂಬುದು. ದೇವರನ್ನು ಮಹಿಮೆಪಡಿಸುವುದು, ಎಂದೆಂದಿಗೂ ಆತನಲ್ಲಿ ಆನಂದಿಸುವುದು ಎಂಬುದು ಉತ್ತರ. ಕಟ್ಟುನಿಟ್ಟಿಗೆ ಹೆಸರಾದವರು ಬರೆದದ್ದು ಇದು. ಅವರೂ ಆನಂದವನ್ನು ಮೊದಲ ಉತ್ತರದಲ್ಲೇ ಇಟ್ಟರು.

ಇದು ಸೋಮವಾರ ಬೆಳಗ್ಗೆ ಹೇಗೆ ಕಾಣುತ್ತದೆ? 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಒಂದು ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬ ಸಾಮಾನ್ಯ ಸಂನ್ಯಾಸಿ ಇದ್ದರು. ವರ್ಷಗಟ್ಟಲೆ ಅಡುಗೆಮನೆಯ ಕೆಲಸ ಮಾಡಿದವರು. ಪಾತ್ರೆಗಳ ಸದ್ದಿನ ನಡುವೆ, ನಾಲ್ಕಾರು ಜನ ಒಟ್ಟಿಗೆ ಏನೇನೋ ಕೇಳುತ್ತಿರುವಾಗಲೂ, ಮೊಣಕಾಲೂರಿ ಪ್ರಾರ್ಥಿಸುವಾಗಿನಷ್ಟೇ ದೇವರು ತನಗೆ ಹತ್ತಿರ ಎಂದು ಅವರು ಹೇಳುತ್ತಿದ್ದರು. ಕ್ರೈಸ್ತ ಬದುಕಿನಲ್ಲಿ ‘ದೇವರ ಕೆಲಸ’, ‘ಲೋಕದ ಕೆಲಸ’ ಎಂದು ಗೋಡೆ ಕಟ್ಟುವುದು ಸರಿಯಲ್ಲ ಎಂಬುದಕ್ಕೆ ಅವರು ಒಳ್ಳೆಯ ಉದಾಹರಣೆ. ಲೆಕ್ಕ ಬರೆಯುವುದು, ಮಗುವಿಗೆ ಸ್ನಾನ ಮಾಡಿಸುವುದು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಎಲ್ಲವೂ ದೇವರಿಗೆ ಸಲ್ಲುವ ಸೇವೆಯಾಗಬಲ್ಲದು.

ಇದಕ್ಕೆ ಬೇಕಾದ ಶಕ್ತಿ ಪ್ರಾರ್ಥನೆಯಿಂದ, ಬೈಬಲ್ ಓದುವುದರಿಂದ ಬರುತ್ತದೆ. ಪ್ರಾರ್ಥನೆಗೆ ಯೇಸು ಕಲಿಸಿದ ಮಾದರಿ ಬಹಳ ಚಿಕ್ಕದು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರುವಾಗುತ್ತದೆ. ಮೊದಲು ದೇವರ ಹೆಸರು, ದೇವರ ರಾಜ್ಯ, ದೇವರ ಚಿತ್ತ. ಆಮೇಲೆ ಇಂದಿನ ಊಟ, ಪಾಪಕ್ಷಮೆ, ಕೇಡಿನಿಂದ ರಕ್ಷಣೆ. ಬೇಡುವುದು ಇಂದಿನ ಊಟವನ್ನು, ಮುಂದಿನ ಹತ್ತು ವರ್ಷದ್ದನ್ನಲ್ಲ. ಎಲ್ಲೂ ‘ನನಗೆ’ ಎಂದು ಬರುವುದಿಲ್ಲ, ಎಲ್ಲ ಕಡೆಯೂ ‘ನಮಗೆ’. ಒಂಟಿಯಾಗಿ ಕೋಣೆಯಲ್ಲಿ ಕೂತು ಪ್ರಾರ್ಥಿಸಿದರೂ ಉಳಿದವರೆಲ್ಲ ಅದರೊಳಗೆ ಇರುತ್ತಾರೆ.

ಕ್ಷಮೆ ಎಂಬ ಕಷ್ಟದ ಪಾಠ

ಕೃಪೆ ಪಡೆಯುವುದು ಖುಷಿ. ಅದನ್ನು ಇನ್ನೊಬ್ಬರಿಗೆ ದಾಟಿಸುವುದು ಕಷ್ಟ. ನನ್ನ ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೋ ಎಂದು ಯೇಸುವಿನ ಶಿಷ್ಯ ಪೇತ್ರ ಕೇಳಿದ. ಏಳೆಪ್ಪತ್ತು ಸಲ ಎಂದರು ಯೇಸು. ಲೆಕ್ಕ ಇಡಬೇಡ ಎಂದು ಅರ್ಥ. ಆಮೇಲೆ ಒಂದು ಕಥೆ ಹೇಳಿದರು. ಒಬ್ಬ ಸೇವಕ ರಾಜನಿಗೆ 10,000 ತಲಾಂತು ಸಾಲ ತೀರಿಸಬೇಕಿತ್ತು. ರಾಜ ಕನಿಕರಪಟ್ಟು ಅಷ್ಟನ್ನೂ ಮನ್ನಾ ಮಾಡಿದ. ಹೊರಗೆ ಬಂದ ಸೇವಕ, ತನಗೆ 100 ದಿನಾರಿ ಕೊಡಬೇಕಿದ್ದವನ ಕುತ್ತಿಗೆ ಹಿಡಿದು ಸೆರೆಗೆ ಹಾಕಿಸಿದ.

ಆ ಕಾಲದ ಲೆಕ್ಕ ಗೊತ್ತಿದ್ದರೆ ಕಥೆ ಚುರುಕಾಗುತ್ತದೆ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನಾರಿ. ಅಂದರೆ ಸೇವಕನಿಗೆ ಮನ್ನಾ ಆದದ್ದು ಆರು ಕೋಟಿ ದಿನಗಳ ಕೂಲಿ, ಒಂದೂವರೆ ಲಕ್ಷ ವರ್ಷಕ್ಕೂ ಜಾಸ್ತಿ ದುಡಿದರೂ ತೀರದ ಸಾಲ. ಅವನು ಬಿಡದೆ ಹಿಡಿದದ್ದು ನೂರು ದಿನಗಳ ಕೂಲಿ. ನೂರು ದಿನದ ಕೂಲಿಯೂ ಸಣ್ಣದೇನಲ್ಲ, ಗಮನಿಸಿ. ನಮಗೆ ಆದ ಅನ್ಯಾಯ ಏನೂ ಅಲ್ಲ ಎಂದು ಯೇಸು ಹೇಳುತ್ತಿಲ್ಲ. ನಿನಗೆ ಸಿಕ್ಕಿದ್ದರ ಪಕ್ಕದಲ್ಲಿಟ್ಟು ಅದನ್ನು ನೋಡು ಎನ್ನುತ್ತಿದ್ದಾರೆ.

ಕ್ಷಮಿಸುವುದೆಂದರೆ ತಪ್ಪನ್ನು ಮುಚ್ಚಿಹಾಕುವುದಲ್ಲ. ಸೇಡು ತೀರಿಸುವ ಹಕ್ಕನ್ನು ನಾನು ಬಿಟ್ಟುಕೊಡುವುದು. ಮತ್ತೆ ಒಂದಾಗುವುದು ಬೇರೆ ವಿಷಯ, ಅದಕ್ಕೆ ತಪ್ಪು ಮಾಡಿದವರ ಪಶ್ಚಾತ್ತಾಪವೂ ಬೇಕು. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ ‘ಕ್ಷಮಿಸಿ ಅಲ್ಲೇ ಇರಿ’ ಎಂದು ಹೇಳಲು ಈ ಕಥೆಯನ್ನು ಬಳಸುವುದು ದೊಡ್ಡ ತಪ್ಪು. ಕಾನೂನಿನ ನೆರವು ಪಡೆಯುವುದಕ್ಕೂ ಕ್ಷಮಿಸುವುದಕ್ಕೂ ವಿರೋಧವಿಲ್ಲ. ಕ್ಷಮಿಸಿದವರಲ್ಲಿ ಎಷ್ಟೋ ಜನ ಹೇಳುವ ಮಾತೆಂದರೆ, ಅದು ಒಂದೇ ಸಲಕ್ಕೆ ಮುಗಿಯುವುದಿಲ್ಲ, ನೆನಪು ಬಂದಾಗಲೆಲ್ಲ ಮತ್ತೆ ಕ್ಷಮಿಸಬೇಕಾಗುತ್ತದೆ. ಆದರೆ ಎದೆಯ ಮೇಲಿನ ಭಾರ ನಿಧಾನವಾಗಿ ಇಳಿಯುತ್ತದೆ. ಆ ಹಗುರವೂ ಕ್ರೈಸ್ತರ ಸಂತೋಷದ ಒಂದು ಭಾಗ.

ಸಭೆ ಯಾಕೆ ಬೇಕು?

ಮನೆಯಲ್ಲೇ ಕೂತು ನಂಬಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಪೌಲ ಸಭೆಯನ್ನು ದೇಹ ಎಂದು ಕರೆಯುತ್ತಾನೆ. ಒಂದು ಅಂಗಕ್ಕೆ ನೋವಾದರೆ ಎಲ್ಲ ಅಂಗಗಳಿಗೂ ನೋವು. ಸಂತೋಷಪಡುವವರ ಸಂಗಡ ಸಂತೋಷಪಡಿ, ಅಳುವವರ ಸಂಗಡ ಅಳಿರಿ ಎನ್ನುತ್ತಾನೆ. ಇದನ್ನು ಒಬ್ಬರೇ ಇದ್ದು ಮಾಡಲು ಆಗುವುದಿಲ್ಲ, ಅಲ್ವಾ?

ಸುಮಾರು ಕ್ರಿ.ಶ. 155ರಲ್ಲಿ ಜಸ್ಟಿನ್ ಎಂಬ ಕ್ರೈಸ್ತ ವಿದ್ವಾಂಸ ರೋಮಿನ ಚಕ್ರವರ್ತಿಗೆ ತಮ್ಮವರ ಭಾನುವಾರದ ಕೂಟದ ಬಗ್ಗೆ ಬರೆದು ವಿವರಿಸಿದ. ಊರಲ್ಲಿರುವವರು, ಹಳ್ಳಿಗಳಲ್ಲಿರುವವರು ಒಂದೆಡೆ ಸೇರುತ್ತಾರೆ. ಅಪೊಸ್ತಲರ, ಪ್ರವಾದಿಗಳ ಬರಹಗಳನ್ನು ಓದುತ್ತಾರೆ. ಮುಂದಾಳು ಬೋಧಿಸುತ್ತಾನೆ. ಎಲ್ಲರೂ ಎದ್ದು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ ಹಂಚುತ್ತಾರೆ, ಬರಲಾಗದವರಿಗೆ ಕಳಿಸಿಕೊಡುತ್ತಾರೆ. ಇದ್ದವರು ಕೊಟ್ಟ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದವರಿಗೆ ಹೋಗುತ್ತದೆ. ಸುಮಾರು 1,870 ವರ್ಷಗಳ ಹಿಂದಿನ ಈ ವಿವರಣೆ ಹಿಡಿದು ಇಂದು ಹೆಚ್ಚಿನ ಚರ್ಚುಗಳಿಗೆ ಹೋದರೂ ಹೆಚ್ಚುಕಡಿಮೆ ಅದೇ ಕಾಣುತ್ತದೆ.

ರೊಟ್ಟಿ ಮತ್ತು ದ್ರಾಕ್ಷಾರಸದ ಆ ಸಂಸ್ಕಾರಕ್ಕೆ ಕ್ಯಾಥೊಲಿಕರು ಪರಮಪ್ರಸಾದ ಎನ್ನುತ್ತಾರೆ, ಪ್ರೊಟೆಸ್ಟೆಂಟರು ಕರ್ತನ ಭೋಜನ ಎನ್ನುತ್ತಾರೆ. ಸಾಯುವ ಹಿಂದಿನ ರಾತ್ರಿ ಯೇಸು ಶಿಷ್ಯರೊಂದಿಗೆ ಮಾಡಿದ ಊಟವೇ ಅದರ ಮೂಲ. ದೀಕ್ಷಾಸ್ನಾನ ಇನ್ನೊಂದು ಮುಖ್ಯ ಸಂಸ್ಕಾರ. ಹಳೆಯ ಬದುಕಿಗೆ ಸತ್ತು ಹೊಸ ಬದುಕಿಗೆ ಎದ್ದದ್ದನ್ನು ಅದು ನೀರಿನ ಮೂಲಕ ಸಾರುತ್ತದೆ. ಕೆಲವು ಸಭೆಗಳು ಶಿಶುಗಳಿಗೂ ಕೊಡುತ್ತವೆ, ಕೆಲವು ಸ್ವತಃ ನಂಬಿದವರಿಗೆ ಮಾತ್ರ.

ನಾಲ್ಕನೇ ಶತಮಾನದ ರೋಮನ್ ಚಕ್ರವರ್ತಿ ಜೂಲಿಯನ್ ಕ್ರೈಸ್ತ ನಂಬಿಕೆಯನ್ನು ಬಿಟ್ಟವನು, ಅದನ್ನು ವಿರೋಧಿಸಿದವನು. 361ರಿಂದ 363ರವರೆಗೆ ಆಳಿದ. ಅವನೇ ಒಂದು ಪತ್ರದಲ್ಲಿ, ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹೀಗೆ) ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಿದ್ದಾರೆ ಎಂದು ಬೇಸರದಿಂದ ಬರೆದ. ವಿರೋಧಿಯ ಬಾಯಿಂದ ಬಂದ ಸಾಕ್ಷಿ ಇದು.

ಸಭೆ ಯಾವಾಗಲೂ ಹೀಗೆ ಬದುಕಲಿಲ್ಲ. ಕ್ರಿಸ್ತನ ಹೆಸರಿನಲ್ಲಿ ಯುದ್ಧಗಳಾಗಿವೆ. ಗುಲಾಮಗಿರಿಯನ್ನು ಬೈಬಲ್ ಹಿಡಿದೇ ಸಮರ್ಥಿಸಿದವರಿದ್ದರು, ಬೈಬಲ್ ಹಿಡಿದೇ ಅದರ ವಿರುದ್ಧ ಹೋರಾಡಿದವರೂ ಇದ್ದರು. ಮಕ್ಕಳ ಮೇಲಿನ ದೌರ್ಜನ್ಯವನ್ನು ಮುಚ್ಚಿಟ್ಟ ಪ್ರಕರಣಗಳು ನಮ್ಮ ಕಾಲದಲ್ಲೇ ಹೊರಬಂದಿವೆ. ಇದನ್ನು ಮರೆಮಾಚಿ ಕ್ರೈಸ್ತ ಬದುಕಿನ ಸೌಂದರ್ಯ ಹೇಳಲು ಆಗುವುದಿಲ್ಲ. ತನ್ನ ಪಾಪ ಒಪ್ಪಿಕೊಳ್ಳುವುದು ಒಬ್ಬೊಬ್ಬರಿಗೆ ಎಷ್ಟು ಅಗತ್ಯವೋ, ಇಡೀ ಸಭೆಗೂ ಅಷ್ಟೇ ಅಗತ್ಯ.

ಉಪವಾಸಕ್ಕಿಂತ ಉದ್ದದ ಹಬ್ಬ

ಅನೇಕ ಸಭೆಗಳು ಯೇಸುವಿನ ಬದುಕನ್ನು ವರ್ಷದುದ್ದಕ್ಕೂ ಹರಡಿಕೊಂಡು ನೆನೆಯುತ್ತವೆ. ಕ್ರಿಸ್ಮಸ್ಸಿಗೆ ಮುಂಚೆ ಕಾಯುವ ಕಾಲ, ಯೇಸು ಮತ್ತೆ ಎದ್ದದ್ದನ್ನು ನೆನೆಯುವ ಈಸ್ಟರಿಗೆ ಮುಂಚೆ 40 ದಿನಗಳ ತಪಸ್ಸುಕಾಲ. ಪಶ್ಚಿಮದ ಸಭೆಗಳು ಆ ನಲವತ್ತರಲ್ಲಿ ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಪ್ರತಿ ಭಾನುವಾರವೂ ಪುನರುತ್ಥಾನದ ಚಿಕ್ಕ ಹಬ್ಬವೇ ಆದ್ದರಿಂದ. ಈಸ್ಟರ್ ಬಂದ ಮೇಲೆ ಸಂಭ್ರಮ, ಪವಿತ್ರಾತ್ಮ ಶಿಷ್ಯರ ಮೇಲೆ ಇಳಿದದ್ದನ್ನು ನೆನೆಯುವ ಪೆಂತೆಕೊಸ್ತ್ ಹಬ್ಬದವರೆಗೆ 50 ದಿನ ನಡೆಯುತ್ತದೆ. ಉಪವಾಸ ನಲವತ್ತು, ಹಬ್ಬ ಐವತ್ತು. ಈ ಲೆಕ್ಕ ನನಗೆ ಬಹಳ ಇಷ್ಟ.

ಅನುಮಾನ ಇದ್ದರೆ?

ಎಲ್ಲ ಸಂದೇಹ ಬಗೆಹರಿದ ಮೇಲೆಯೇ ನಂಬಬೇಕು ಎಂದಿದ್ದರೆ ಯೇಸುವಿನ ಹತ್ತಿರ ಬಂದವರಲ್ಲಿ ಹೆಚ್ಚಿನವರು ಹೊರಗೇ ಉಳಿಯುತ್ತಿದ್ದರು. ಯೇಸು ಜೀವಂತವಾಗಿ ಎದ್ದಿದ್ದಾರೆ ಎಂದಾಗ, ಶಿಷ್ಯ ತೋಮನು ಶಿಲುಬೆಯ ಗಾಯ ಮುಟ್ಟಿ ನೋಡದೆ ನಂಬುವುದಿಲ್ಲ ಎಂದ. ಒಂದು ವಾರದ ನಂತರ ಯೇಸು ಬಂದು, ಮುಟ್ಟಿ ನೋಡು ಎಂದರು. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಮಗನ ಕಾಯಿಲೆಯಿಂದ ಬಸವಳಿದ ತಂದೆಯೊಬ್ಬ ಬರುತ್ತಾನೆ. ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು ಎಂದು ಕೂಗುತ್ತಾನೆ. ಅರ್ಧ ನಂಬಿಕೆ, ಅರ್ಧ ಅನುಮಾನ. ಯೇಸು ಅವನ ಮನಸ್ಸು ಪೂರ್ತಿ ತಿಳಿಯಾಗಲಿ ಎಂದು ಕಾಯಲಿಲ್ಲ, ಮಗನನ್ನು ವಾಸಿಮಾಡಿದರು.

ಇದನ್ನೆಲ್ಲ ಸ್ವತಃ ಓದಿ ನೋಡಬೇಕು ಅನ್ನಿಸಿದವರು ಬೈಬಲನ್ನು ಮೊದಲ ಪುಟದಿಂದ ಶುರು ಮಾಡಬೇಕಿಲ್ಲ. ಮಾರ್ಕನ ಸುವಾರ್ತೆ ನಾಲ್ಕರಲ್ಲಿ ಚಿಕ್ಕದು, 16 ಅಧ್ಯಾಯ, ಒಂದು ಸಂಜೆಯಲ್ಲಿ ಮುಗಿಯುತ್ತದೆ. ಆಮೇಲೆ ಲೂಕನ 15ನೇ ಅಧ್ಯಾಯ, ಫಿಲಿಪ್ಪಿಯವರಿಗೆ ಬರೆದ ಪತ್ರ ಓದಬಹುದು. ಕೀರ್ತನೆಗಳನ್ನು ದಿನಕ್ಕೆ ಒಂದರಂತೆ, ಆದರೆ ಜೋರಾಗಿ ಓದಿ. ಅವು ಹಾಡಲೆಂದೇ ಬರೆದವು.